ಪ್ರಚಾರದ ಆಟೋದಲ್ಲಿ ಬಂದ ತಾಯಿ

ಕನೀಜಳ ಮುಖ ಯಾರಿಗೂ ಗೊತ್ತಿರಲಿಲ್ಲ. ದನಿ ಮಾತ್ರ ಗಂಗಾನಗರದಿಂದ ಯಲಹಂಕದವರೆಗೆ ಎಲ್ಲರಿಗೂ ಗೊತ್ತಿತ್ತು. ತಲೆಯ ಮೇಲೆ ಎರಡು ಸ್ಪೀಕರ್ ಕಟ್ಟಿಕೊಂಡ ಪ್ರಚಾರದ ಆಟೋ ಬೀದಿಗೆ ಬಂತೆಂದರೆ ಅದರೊಳಗಿಂದ ಮಾತಾಡುವವಳು ಅವಳೇ. ಭಾನುವಾರ ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಿ ಎನ್ನುವವಳು, ನಾಳೆ ಕಾವೇರಿ ನೀರು ಬರುವುದಿಲ್ಲ ಎನ್ನುವವಳು, ಆಷಾಢಕ್ಕೆ ಸೀರೆಗಳ ಬೆಲೆ ಇಳಿದಿದೆ ಎನ್ನುವವಳು, ಎಲ್ಲ ಅವಳೇ. ಒಮ್ಮೆ ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ಇಬ್ಬರು ಹೆಂಗಸರು ಅಂಥ ಆಟೋ ಹೋಗುವುದನ್ನು ನೋಡಿ, ಈಯಮ್ಮ ಹೇಳಿದರೆ ಕೇಳಬೇಕು ಅನ್ನಿಸುತ್ತದೆ, ಯಾರೋ ಟೀಚರ್ ಇರಬೇಕು ಎಂದು ಮಾತಾಡಿಕೊಂಡರು. ಕನೀಜ್ ಅವರ ಪಕ್ಕದಲ್ಲೇ ಬುರ್ಖಾ ಹಾಕಿಕೊಂಡು, ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದುಕೊಂಡು ನಿಂತಿದ್ದಳು. ಅವಳು ನಕ್ಕಿದ್ದು ಅವರಿಗೆ ಕಾಣಲಿಲ್ಲ.

ಮನೆಯಲ್ಲಿ ಅವರದು ದಖನಿ ಮಾತು. ಆದರೆ ಗಂಗಾನಗರದ ಅವರ ಬೀದಿಯ ತಿರುವಿನಲ್ಲೇ ಸರ್ಕಾರಿ ಕನ್ನಡ ಶಾಲೆ ಇತ್ತು. ದೂರದ ಶಾಲೆಗೆ ಕಳಿಸುವುದಕ್ಕೆ ಅಮ್ಮಿಗೆ ಧೈರ್ಯ ಸಾಲದೆ ಅಲ್ಲಿಗೇ ಸೇರಿಸಿದ್ದಳು. ಅಲ್ಲಿನ ವೆಂಕಟಸ್ವಾಮಿ ಮೇಷ್ಟ್ರು ಪ್ರಾರ್ಥನೆ ಮುಗಿದ ಮೇಲೆ ದಿನವೂ ಒಂದು ಮಗುವಿನ ಕೈಗೆ ಪತ್ರಿಕೆ ಕೊಟ್ಟು ಅಂದಿನ ವಾರ್ತೆ ಓದಿಸುತ್ತಿದ್ದರು. ಕನೀಜಳ ಸರದಿ ಬಂದ ದಿನ ಅವಳು ಒಂದು ಕಡೆಯೂ ತಡವರಿಸಲಿಲ್ಲ. ಆಮೇಲೆ ಬೇರೆಯವರ ಸರದಿಯೇ ಬರಲಿಲ್ಲ. ಮೇಷ್ಟ್ರು ಅವಳಿಗೆ ಕಲಿಸಿದ್ದು ಒಂದೇ ಪಾಠ. ಸುದ್ದಿ ಓದುವವಳು ಸುದ್ದಿಯ ಮುಂದೆ ನಿಲ್ಲಬಾರದು, ಹಿಂದೆ ನಿಲ್ಲಬೇಕು. ಕೇಳುವವರಿಗೆ ಸುದ್ದಿ ಕಾಣಬೇಕೇ ಹೊರತು ನೀನಲ್ಲ. ಕನೀಜ್ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ನಿಂತಿತು, ಪಾಠ ನಿಲ್ಲಲಿಲ್ಲ.

ಮದುವೆಯಾದದ್ದು ನೂರುಲ್ಲಾನನ್ನು. ಅವನದು ಸೀಟು ಹೊಲಿಯುವ ಕೆಲಸ. ಸ್ಕೂಟರು, ಆಟೋ, ಹಳೆಯ ಕಾರು, ಯಾವುದರ ಸೀಟು ಹರಿದರೂ ಹೊಸ ಸ್ಪಂಜು ತುಂಬಿ, ರೆಕ್ಸಿನ್ ಎಳೆದು ಹೊಲಿದುಕೊಡುತ್ತಿದ್ದ. ಅವನ ಅಂಗಡಿ ಇದ್ದದ್ದು ತೋಪಿನ ರಸ್ತೆಯಲ್ಲಿ. ಹೆಸರಿಗೆ ರಸ್ತೆ, ನಿಜಕ್ಕೂ ಒಂದು ಓಣಿ. ಹಿಂದೆ ಅದು ಹಳ್ಳಿಯಾಗಿದ್ದಾಗ ಅಲ್ಲಿ ಹುಣಸೆ ತೋಪಿತ್ತಂತೆ. ಈಗ ಒಂದು ಹುಣಸೆ ಮರ ಉಳಿದಿತ್ತು, ಓಣಿಯ ಉದ್ದಕ್ಕೂ ತಗಡಿನ ಅಂಗಡಿಗಳ ಸಾಲು. ವೆಲ್ಡಿಂಗಿನವರು, ಪಂಕ್ಚರ್ ಹಾಕುವವರು, ಮಿಕ್ಸಿ ರಿಪೇರಿಯವರು, ಮೊದಲ ತಗಡಿನಲ್ಲಿ ಮಾರಮ್ಮನ ಟೀ ಅಂಗಡಿ. ಮಾರಮ್ಮ ಆ ಹಳೆಯ ಊರಿನ ಮನೆತನದವಳೇ. ಅವಳ ಮಾವನ ಕಾಲದಿಂದ ಅಲ್ಲಿ ಯಾರು ತಗಡು ನಿಲ್ಲಿಸಬೇಕಾದರೂ ಅವರ ಮನೆಗೆ ಹೋಗಿ ಎಲೆ ಅಡಿಕೆ ಕೊಟ್ಟು ಕೇಳುವುದು ರೂಢಿ. ನೂರುಲ್ಲಾನ ಅಪ್ಪನೂ ಹಾಗೆಯೇ ಕೇಳಿದ್ದ. ಆ ಎಲೆ ಅಡಿಕೆಯ ಹೊರತು ಬೇರೆ ಪತ್ರ ಯಾರ ಹತ್ತಿರವೂ ಇರಲಿಲ್ಲ. ಬೇಕಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಕನೀಜ್ ದನಿಯ ಕೆಲಸಕ್ಕೆ ಬಂದದ್ದು ಮಗಳಿಂದ. ಮಗಳು ಅಮ್ರೀನ್ ಚಿಕ್ಕವಳಿದ್ದಾಗ ಶಾಲೆಯ ಆಟೋಟದ ದಿನ ಒಂದು ಮಗು ತಪ್ಪಿಸಿಕೊಂಡಿತು. ಮೈಕಿನ ಹತ್ತಿರ ಇದ್ದವರು ಗಾಬರಿಯಲ್ಲಿ ಏನೇನೋ ಕೂಗುತ್ತಿದ್ದಾಗ ಕನೀಜ್ ಮೈಕು ತೆಗೆದುಕೊಂಡು ಸಮಾಧಾನವಾಗಿ, ಕೆಂಪು ರಿಬ್ಬನ್ ಕಟ್ಟಿದ ಮಗು, ನಿಂತಲ್ಲೇ ನಿಲ್ಲು, ಅಮ್ಮ ಬರುತ್ತಿದ್ದಾರೆ ಎಂದಳು. ಮಗು ಸಿಕ್ಕಿತು. ಧ್ವನಿವರ್ಧಕ ತಂದಿದ್ದ ಸತೀಶ್ ಅವಳ ಗಂಡನನ್ನು ಹುಡುಕಿಕೊಂಡು ತೋಪಿನ ರಸ್ತೆಗೆ ಬಂದು, ಅವಳನ್ನು ಪ್ರಚಾರದ ಮಾತು ಓದಲು ಕಳಿಸಿ ಎಂದ. ಅವನದು ಯಶವಂತಪುರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ. ಅದನ್ನೇ ಸ್ಟುಡಿಯೋ ಎನ್ನುತ್ತಿದ್ದ. ಗಿರಣಿ ತಿರುಗುವಾಗ ರೆಕಾರ್ಡಿಂಗ್ ಆಗದು, ಮೆಣಸಿನಕಾಯಿ ಬೀಸುವ ದಿನ ಯಾರಿಗೂ ಉಸಿರಾಡಲು ಆಗದು. ಹೊರಗಿನ ಸದ್ದು ಒಳಗೆ ಬಾರದಿರಲೆಂದು ನೂರುಲ್ಲಾ ತನ್ನ ಅಂಗಡಿಯಲ್ಲಿ ಉಳಿದ ಸ್ಪಂಜಿನ ತುಂಡುಗಳನ್ನೆಲ್ಲ ಮೂಟೆ ಕಟ್ಟಿ ಒಯ್ದು ಆ ಕೋಣೆಯ ಗೋಡೆಗಳಿಗೆ ತಾನೇ ಅಂಟಿಸಿಕೊಟ್ಟ. ಹೆಂಡತಿ ಕೆಲಸ ಮಾಡುವ ಜಾಗ, ಚೆನ್ನಾಗಿರಲಿ ಎಂದು. ಸತೀಶ್ ಅವಳನ್ನು ಕನೀಜಕ್ಕ ಎಂದ, ಅವಳು ಅವನನ್ನು ಸತೀಶಣ್ಣ ಎಂದಳು. ರಂಜಾನ್ ಹಬ್ಬಕ್ಕೆ ಇವಳ ಮನೆಯಿಂದ ಶೀರ್ ಖುರ್ಮಾ ಪಾಯಸ ಹೋಗುತ್ತಿತ್ತು, ಗೌರಿ ಹಬ್ಬಕ್ಕೆ ಅವನ ಹೆಂಡತಿಯಿಂದ ಒಬ್ಬಟ್ಟು ಬರುತ್ತಿತ್ತು.

ಆ ಕೆಲಸಕ್ಕೆ ಒಂದು ಕ್ರಮವಿತ್ತು. ಆಟೋ ಇಂದು ಒಂದು ಬಡಾವಣೆಗೆ ಹೋದರೆ ನಾಳೆ ಇನ್ನೊಂದಕ್ಕೆ. ಪ್ರತಿ ಬಡಾವಣೆಗೂ ಕನೀಜಳನ್ನು ಕರೆಸಿ ಓದಿಸಲು ಆಗದು. ಹಾಗಾಗಿ ಅವಳು ಮಾತನ್ನು ಒಂದು ಸಲ ಓದುತ್ತಿದ್ದಳು, ಊರಿನ ಹೆಸರು ಬರುವ ಕಡೆ ಮಾತ್ರ ಒಂದು ಉಸಿರಿನಷ್ಟು ಜಾಗ ಬಿಡುತ್ತಿದ್ದಳು. ಹೆಸರುಗಳನ್ನು ಬೇರೆಯಾಗಿ ಓದಿ ಇಟ್ಟಿರುತ್ತಿದ್ದಳು. ಗಂಗಾನಗರ, ಹೆಬ್ಬಾಳ, ಸಿಂಗಾಪುರ, ಯಲಹಂಕ ಉಪನಗರ, ಹೀಗೆ. ಬೇಕಾದ ಹೆಸರನ್ನು ಬೇಕಾದ ಕಡೆ ಕೂಡಿಸುವುದು ಸತೀಶನ ಕೆಲಸ. ಅವನ ಕೈ ಎಷ್ಟು ನಯವೆಂದರೆ ಕೂಡಿಸಿದ ಗುರುತು ಕನೀಜಳಿಗೇ ಕೆಲವೊಮ್ಮೆ ಸಿಗುತ್ತಿರಲಿಲ್ಲ.

ಒಂದು ಸಲ ಹೆಸರುಗಳನ್ನು ಹೊಸದಾಗಿ ಓದುವಾಗ ಅವಳು ಕೊನೆಯಲ್ಲಿ ತಾನಾಗಿಯೇ ಒಂದು ಹೆಸರು ಸೇರಿಸಿದಳು. "ತೋಪಿನ ರಸ್ತೆ."

ಸತೀಶ್ ನಕ್ಕ. "ಆ ಓಣಿಗೆ ಯಾವ ಆಟೋ ಬರುತ್ತೆ ಕನೀಜಕ್ಕ?"

"ಇರ್ಲಿ ಬಿಡಿ ಅಣ್ಣ. ಒಂದಿನ ಬೇಕಾಗ್ಬೋದು."

ಅಷ್ಟೂರಿನ ಹೆಸರು ಕರೆದವಳು ಗಂಡನ ಬೀದಿಯ ಹೆಸರನ್ನೇ ಕರೆಯದೆ ಬಿಟ್ಟರೆ ಹೇಗೆ ಎಂದು ಅವಳಿಗೆ ಅನ್ನಿಸಿತ್ತು. ಆ ಎರಡು ಪದಗಳನ್ನು ಬೇರೆಲ್ಲ ಹೆಸರುಗಳಿಗಿಂತ ಸ್ವಲ್ಪ ಹೆಚ್ಚೇ ಮುದ್ದಿನಿಂದ ಹೇಳಿದ್ದಳು.

ತೋಪಿನ ರಸ್ತೆಯ ಹಿಂದಿನ ಬಯಲಿನಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳತೊಡಗಿದ್ದು ಆಮೇಲೆ. ಕಟ್ಟಿಸುತ್ತಿದ್ದವರು ವೇಣುಗೋಪಾಲ್. ಅವರು ಕಟ್ಟಡ ಕಟ್ಟಿಸುವುದಷ್ಟೇ ಅಲ್ಲ, ಜಾಗೃತ ನಾಗರಿಕ ವೇದಿಕೆ ಎಂಬುದಕ್ಕೆ ಅಧ್ಯಕ್ಷರೂ ಆಗಿದ್ದರು. ಮನೆಮನೆಯ ಟಿವಿಯಲ್ಲಿ ಬರುತ್ತಿದ್ದ ಉತ್ತರ ನೋಟ ಎಂಬ ಸ್ಥಳೀಯ ಚಾನೆಲ್ಲೂ ಅವರದೇ. ಅದು ಅವರದೆಂದು ಚಾನೆಲ್ಲಿನಲ್ಲಿ ಎಲ್ಲೂ ಬರೆದಿರಲಿಲ್ಲ. ಬಿಳಿ ಅಂಗಿ ತೊಟ್ಟ, ಮೆಲ್ಲಗೆ ಮಾತಾಡುವ ಮನುಷ್ಯ. ಒಂದು ಬೆಳಗ್ಗೆ ಅವರೇ ಗಿರಣಿಯ ಮೆಟ್ಟಿಲು ಹತ್ತಿ ಬಂದರು. ಬೀದಿದೀಪ ಇಲ್ಲದ ರಸ್ತೆಗಳಿಗೆ ದೀಪ ಹಾಕಿಸಲು ವೇದಿಕೆ ಅಭಿಯಾನ ಮಾಡುತ್ತದೆ, ಅದಕ್ಕೆ ಒಬ್ಬ ತಾಯಿಯ ದನಿ ಬೇಕು ಎಂದರು. ಕನೀಜಳಿಗೆ ತಾವೇ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟು, ನಿಮ್ಮ ದನಿ ಕೇಳಿದರೆ ನಮ್ಮ ತಾಯಿಯ ನೆನಪಾಗುತ್ತದೆ ಎಂದರು.

ವೇದಿಕೆಯ ಹೆಸರು ಬಿಟ್ಟರೆ ಓದಬೇಕಾದದ್ದು ಇಷ್ಟೇ. "ನಾನೊಬ್ಬ ತಾಯಿ. ಸಂಜೆಯಾದರೆ ಸಾಕು," ಇಲ್ಲಿ ರಸ್ತೆಯ ಹೆಸರಿಗೆ ಜಾಗ, "ಕಡೆ ನನ್ನ ಮಗಳನ್ನು ಕಳಿಸಲು ಭಯವಾಗುತ್ತದೆ. ನಮಗೆ ಬೆಳಕು ಬೇಕು."

ಕನೀಜ್ ಅದನ್ನು ಬೇರೆ ದಿನಗಳಂತೆ ಓದಲಿಲ್ಲ. ಅಮ್ರೀನ್ ಆಗ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸಿಳಿದು ತೋಪಿನ ರಸ್ತೆಯ ಮೂಲಕವೇ ಮನೆಗೆ ಬರಬೇಕು. ಅಲ್ಲಿ ದೀಪದ ಕಂಬವೇ ಇರಲಿಲ್ಲ. ಅಂಗಡಿಗಳ ಬಲ್ಬುಗಳ ಬೆಳಕಿನಲ್ಲಿ ನಡೆದು ಬರುವುದು. ಅಂಗಡಿ ಮುಚ್ಚುವಷ್ಟು ತಡವಾದ ದಿನ ನೂರುಲ್ಲಾ ಬಾಗಿಲೆಳೆಯದೆ ಕಾಯುತ್ತಿದ್ದ. ಹಾಗಾಗಿ ಆ ಮಾತು ಅವಳ ಸ್ವಂತ ಮಾತೇ ಆಗಿತ್ತು. ಮೇಷ್ಟ್ರ ಪಾಠ ಮರೆತು ಆ ದಿನ ಅವಳು ಮಾತಿನ ಮುಂದೆ ಬಂದು ನಿಂತಳು. ಓದಿ ಮುಗಿಸಿದಾಗ ಸತೀಶ್ ಕಣ್ಣೊರೆಸಿಕೊಂಡ. ವೇಣುಗೋಪಾಲ್ ಎದ್ದು ನಿಂತು ಕೈ ಮುಗಿದರು. ದೀಪ ಯಾವಾಗ ಬರುತ್ತದೆ ಸಾರ್ ಎಂದು ಕನೀಜ್ ಕೇಳಿದ್ದಕ್ಕೆ, ಜನರ ಅಭಿಪ್ರಾಯ ಮೊದಲು ತಯಾರಾಗಬೇಕಮ್ಮ, ಆಮೇಲೆ ಎಲ್ಲ ತಾನಾಗಿ ಬರುತ್ತದೆ ಎಂದರು. ಅವಳು ಮನೆಗೆ ಹೋಗಿ ನೂರುಲ್ಲಾನಿಗೆ, ನಮ್ಮ ಬೀದಿಗೆ ದೀಪ ಬರುತ್ತದೆ ನೋಡಿ ಎಂದು ಹೇಳಿದಳು. ಅವನು ಮಾರಮ್ಮನಿಗೆ ಹೇಳಿದ. ಮಾರಮ್ಮ ಇಡೀ ಸಾಲಿಗೆ ಹೇಳಿದಳು.

ಆಟೋ ಬಂದದ್ದು ಒಂದು ಮಧ್ಯಾಹ್ನ. ಕನೀಜ್ ಗಂಡನಿಗೆ ಬುತ್ತಿ ತಂದು ಅಂಗಡಿಯ ಮುಂದೆ ಹಾಕಿದ್ದ ಹಳೆಯ ಕಾರಿನ ಸೀಟಿನ ಮೇಲೆ ಕುಳಿತಿದ್ದಳು. ಓಣಿಯ ಬಾಯಿಗೆ ಆಟೋ ತಿರುಗಿದಾಗ ಮಾರಮ್ಮ ಟೀ ಸೋಸುವುದನ್ನು ಬಿಟ್ಟು, ದೀಪದ ಆಟೋ ಬಂತು ಎಂದು ಎದ್ದು ನಿಂತಳು.

"ನಾನೊಬ್ಬ ತಾಯಿ. ಸಂಜೆಯಾದರೆ ಸಾಕು, ತೋಪಿನ ರಸ್ತೆ ಕಡೆ ನನ್ನ ಮಗಳನ್ನು ಕಳಿಸಲು ಭಯವಾಗುತ್ತದೆ. ಬನ್ನಿ, ಎಲ್ಲರೂ ಸೇರಿ ಈ ಕೊಳೆಯನ್ನು ನಮ್ಮ ನಡುವಿನಿಂದ ತೆಗೆದುಹಾಕೋಣ. ಜಾಗೃತ ನಾಗರಿಕ ವೇದಿಕೆ."

ಕನೀಜ್ ಮೊದಲು ತನ್ನ ಕಿವಿಯ ತಪ್ಪೆಂದುಕೊಂಡಳು. ಆಟೋ ನಿಧಾನವಾಗಿ ಓಣಿಯ ಉದ್ದಕ್ಕೂ ಅದನ್ನೇ ಹೇಳುತ್ತ ಹೋಯಿತು. ಬೆಳಕಿನ ಮಾತು ಅದರಲ್ಲಿ ಇರಲೇ ಇಲ್ಲ. ಕೊಳೆಯ ಮಾತು ಎಲ್ಲಿಂದ ಬಂತೆಂದು ಅವಳಿಗೆ ಎರಡನೆಯ ಸಲ ಕೇಳಿದಾಗ ನೆನಪಾಯಿತು. ಎರಡು ವರ್ಷದ ಹಿಂದೆ ಖಾಲಿ ಸೈಟುಗಳಲ್ಲಿ ಕಸ ಸುರಿಯಬೇಡಿ ಎಂಬ ಪ್ರಚಾರಕ್ಕೆ ಓದಿದ್ದು ಅದು. ತೋಪಿನ ರಸ್ತೆ ಎಂಬ ಹೆಸರು ಎಲ್ಲಿಂದ ಬಂತೆಂದು ನೆನಪು ಮಾಡಿಕೊಳ್ಳಬೇಕಾಗಿಯೇ ಇರಲಿಲ್ಲ. ಆ ಮುದ್ದು ಹಾಗೆಯೇ ಇತ್ತು.

ಸಾಲಿನಲ್ಲಿ ಎಲ್ಲರ ಕೈ ನಿಂತಿತ್ತು. ಮಾರಮ್ಮ ಸೋಸುವ ಬಟ್ಟೆ ಹಿಡಿದುಕೊಂಡೇ ರಸ್ತೆಗೆ ಬಂದಳು.

"ಯಾವಳವ್ವ ಇವ್ಳು? ನಮ್ಮುನ್ನ ಕೊಳೆ ಅಂತಾಳಲ್ಲ. ಅವ್ಳ್ ಮಗ್ಳುನ್ನ ಯಾವಾನ್ ಏನ್ ಮಾಡ್ದ ಇಲ್ಲಿ? ಅವ್ಳ್ ನಾಲ್ಗೆ ಸೇದೋಗಾ."

ಕನೀಜ್ ನೆಲ ನೋಡಿಕೊಂಡು ಕುಳಿತಳು. ನೂರುಲ್ಲಾ ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ. ಆ ದನಿ ಯಾರದೆಂದು ಇಡೀ ಸಾಲಿನಲ್ಲಿ ತಿಳಿದಿದ್ದವನು ಅವನೊಬ್ಬನೇ. ಸಾಲಿನವರು ಕೇಳಿದ್ದು ಕನೀಜ್ ಮೆಲ್ಲಗೆ ಆಡುವ ಒಂದೆರಡು ಮಾತು ಮಾತ್ರ. ಅವಳು ಇಂಥ ಕೆಲಸ ಮಾಡುತ್ತಾಳೆಂದು ಗಂಡ ಹೆಂಡತಿ ಯಾರಿಗೂ ಹೇಳಿಕೊಂಡಿರಲಿಲ್ಲ. ಹೆಂಗಸಿನ ದನಿ ಬೀದಿಯಲ್ಲಿ ತಿರುಗುತ್ತದೆಂದು ನೆಂಟರು ಆಡಿಕೊಳ್ಳುವುದು ಬೇಡವೆಂದು. ದೀಪದ ಸುದ್ದಿಯನ್ನೂ ಅವನು ಯಾರಿಂದಲೋ ಕೇಳಿದ್ದೆಂದೇ ಹೇಳಿದ್ದ. ಅವನು ಬುತ್ತಿಯನ್ನು ತೆರೆಯದೆ ಪಕ್ಕಕ್ಕಿಟ್ಟು ದಖನಿಯಲ್ಲಿ ಮೆಲ್ಲಗೆ ಒಂದೇ ಮಾತು ಕೇಳಿದ. "ಆವಾಜ್ ತುಮಾರೀಚ್ ಹೈ. ಬಾತಾಂ ಕಿನ್‌ಕೇ?"

ದನಿ ನಿನ್ನದೇ, ಮಾತುಗಳು ಯಾರವು. ಕನೀಜ್ ತೆರೆಯದ ಬುತ್ತಿಯನ್ನು ಎತ್ತಿಕೊಂಡು ಮನೆಗೆ ಹೊರಟಳು.

ಆ ದಿನ ಸಂಜೆ ಉತ್ತರ ನೋಟ ಚಾನೆಲ್ಲಿನಲ್ಲಿ ತೋಪಿನ ರಸ್ತೆ ಬಂತು. ಬೇಕೆಂದೇ ಮಬ್ಬು ಹೊತ್ತಿನಲ್ಲಿ ತೆಗೆದ ಚಿತ್ರ. ವೆಲ್ಡಿಂಗಿನ ಕಿಡಿಗಳನ್ನು ಎಲ್ಲಿಯೋ ಬೆಂಕಿ ಬಿದ್ದಂತೆ ತೋರಿಸಿದರು. ಟೀ ಕುಡಿಯುತ್ತ ನಿಂತಿದ್ದ ಆಟೋ ಚಾಲಕರ ಸುತ್ತ ಕೆಂಪು ಗೆರೆ ಎಳೆದು, ಇವರು ಯಾರು ಎಂದು ಕೇಳಿದರು. ಅವರಲ್ಲಿ ಒಬ್ಬ ಮಾರಮ್ಮನ ಅಳಿಯ. ಹಿನ್ನೆಲೆಯಲ್ಲಿ ಕನೀಜಳ ದನಿ. ಕೆಳಗೆ ದೊಡ್ಡ ಅಕ್ಷರದಲ್ಲಿ, ಒಬ್ಬ ತಾಯಿಯ ಕೂಗು.

ಆಮೇಲೆ ಆ ತಾಯಿ ಎಲ್ಲೆಲ್ಲೂ ಇದ್ದಳು. ಕನೀಜ್ ತರಕಾರಿ ಗಾಡಿಯ ಮುಂದೆ ನಿಂತರೆ ಅಲ್ಲಿ, ಹಾಲಿನ ಅಂಗಡಿಗೆ ಹೋದರೆ ಅಲ್ಲಿ. ಪಾಪ, ಆ ತಾಯಿಯ ಮಗಳಿಗೆ ಏನಾಗಿತ್ತೋ ಎಂದು ಒಬ್ಬರು ಕೇಳಿದರೆ, ಏನೋ ಆಗಿರಬೇಕು, ಇಲ್ಲದಿದ್ದರೆ ದನಿಯಲ್ಲಿ ಅಷ್ಟು ಸಂಕಟ ಬರುತ್ತಿತ್ತೇ ಎಂದು ಇನ್ನೊಬ್ಬರು. ವಾರ ಕಳೆಯುವುದರೊಳಗೆ ಆ ಮಗಳಿಗೆ ಒಂದು ವಯಸ್ಸು ಬಂತು, ಅವಳನ್ನು ಹಿಂಬಾಲಿಸಿದವರಿಗೆ ಒಂದು ಚಹರೆ ಬಂತು. ಹಿಂದಿನ ತಿಂಗಳಷ್ಟೇ ನೂರುಲ್ಲಾನ ಕೈಯಲ್ಲಿ ಸ್ಕೂಟರ್ ಸೀಟು ಹೊಲಿಸಿಕೊಂಡು, ಕೆಲಸ ಅಚ್ಚುಕಟ್ಟು ಎಂದು ಹೊಗಳಿ ಹೋಗಿದ್ದ ಒಬ್ಬಾಕೆ ಈಗ ಓಣಿಯ ಬಾಯಲ್ಲೇ ಗಾಡಿ ತಿರುಗಿಸಿಕೊಂಡು ಹೋದಳು. ಸೀಟು ಹೊಲಿಸಲು ಬರುವವರು ಕಡಿಮೆಯಾದರು. ಮಾರಮ್ಮನ ಟೀ ಪಾತ್ರೆ ತುಂಬಿದ್ದು ತುಂಬಿದಂತೆ ಆರತೊಡಗಿತು.

ಕನೀಜ್ ಸ್ಟುಡಿಯೋಗೆ ಹೋದಳು. ಸತೀಶ್ ಅವಳನ್ನು ನೋಡಿ ಕುರ್ಚಿ ಎಳೆದು ಹಾಕಿದ, ಅವಳು ಕೂರಲಿಲ್ಲ. ಅವನು ತಾನೇನೂ ಮಾಡಿಲ್ಲ, ಅವರು ಫೈಲುಗಳನ್ನು ಕೇಳಿದರು, ಕೊಟ್ಟೆ, ಅವರ ಕಡೆಯವರೇ ಏನೋ ಮಾಡಿಕೊಂಡಿದ್ದಾರೆ ಎಂದ. ಅವನ ಮಾತು ಮುಗಿದ ಮೇಲೆ ಕನೀಜ್ ಕೇಳಿದಳು.

"ನನ್ನ ಉಸಿರು ಎಲ್ಲಿ ಹೋಯ್ತು ಸತೀಶಣ್ಣ?"

ಅವನಿಗೆ ಅರ್ಥವಾಯಿತು. ಹೆಸರಿನ ಜಾಗಕ್ಕೆ ಮುಂಚೆ ಅವಳು ಸಣ್ಣಗೆ ಉಸಿರೆಳೆದುಕೊಳ್ಳುತ್ತಿದ್ದಳು. ಕೂಡಿಸುವಾಗ ಅದನ್ನು ಗುರುತು ಸಿಗದಂತೆ ತೆಗೆಯುವುದು ಇಡೀ ಯಶವಂತಪುರದಲ್ಲಿ ಒಬ್ಬನಿಗೇ ಬರುತ್ತಿತ್ತು. ಆಮೇಲೆ ಅವನ ಮಾತಿನ ಧಾಟಿ ಬದಲಾಯಿತು. ತಾನು ಮಾಡದಿದ್ದರೆ ಬೇರೆ ಯಾರೋ ಮಾಡುತ್ತಿದ್ದರು. ಮುಂದಿನ ಚುನಾವಣೆಯ ಕೆಲಸವೆಲ್ಲ ವೇಣುಗೋಪಾಲರ ಕೈಯಲ್ಲಿದೆ. ಅವರನ್ನು ಎದುರು ಹಾಕಿಕೊಂಡು ಈ ಊರಿನಲ್ಲಿ ಮೈಕು ಹಿಡಿಯಲಾಗದು.

"ಅಲ್ಲಿ ಅಂಗಡಿ ಯಾರ್ದಿದೆ ಅಂತ ನಿಮಗೆ ಗೊತ್ತಿರ್ಲಿಲ್ವಾ ಅಣ್ಣ?"

"ಗೊತ್ತಿತ್ತು," ಎಂದ ಸತೀಶ್. "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ ಕನೀಜಕ್ಕ. ಇಷ್ಟ್ ವರ್ಷ ಓದಿದ್ರಲ್ಲ, ಒಂದ್ ಸಲನಾದ್ರೂ ಇದು ನಿಜಾನಾ ಅಂತ ಕೇಳಿದ್ರಾ? ಸೀರೆ ಬೆಲೆ ನಿಜವಾಗ್ಲೂ ಇಳಿದಿತ್ತಾ?"

ಅವಳು ಕೇಳಿರಲಿಲ್ಲ. ಅವನು ಹಾಗೆ ಅಂದದ್ದಕ್ಕಿಂತ ಅವನು ಅಂದದ್ದರಲ್ಲಿ ಸುಳ್ಳಿಲ್ಲ ಎಂಬುದು ಅವಳಿಗೆ ಹೆಚ್ಚು ನೋವು ಕೊಟ್ಟಿತು. ಗೋಡೆಯ ತುಂಬ ನೂರುಲ್ಲಾ ಅಂಟಿಸಿದ ಸ್ಪಂಜಿತ್ತು. ಆ ಕೋಣೆಯಲ್ಲಿ ಯಾರು ಎಷ್ಟು ಜೋರಾಗಿ ಅತ್ತರೂ ಹೊರಗೆ ಕೇಳುವಂತಿರಲಿಲ್ಲ. ಕನೀಜ್ ಅಳಲಿಲ್ಲ. ಮೆಟ್ಟಿಲಿಳಿಯುವಾಗ ಕೆಳಗೆ ಗಿರಣಿ ತಿರುಗತೊಡಗಿತು.

ತೋಪಿನ ರಸ್ತೆಯ ಅಂಗಡಿಗಳನ್ನು ತೆಗೆಸುವ ವಿಷಯವಾಗಿ ಸಾರ್ವಜನಿಕರ ಅಭಿಪ್ರಾಯ ಕೇಳಲು ಸಮುದಾಯ ಭವನದಲ್ಲಿ ಸಭೆ ಇದೆಯೆಂದು ಸುದ್ದಿ ಬಂತು. ಸಭೆಯ ಹಿಂದಿನ ದಿನ ಕನೀಜ್ ಮಾರಮ್ಮನ ಅಂಗಡಿಗೆ ಹೋಗಿ, ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ಆ ಆಟೋದ ತಾಯಿ ತಾನೇ ಎಂದು ಹೇಳಿದಳು. ದೀಪದ ಮಾತನ್ನು ಓದಿದ್ದು, ಅದನ್ನು ಕತ್ತರಿಸಿದ್ದು, ರಸ್ತೆಯ ಹೆಸರನ್ನು ತಾನೇ ಆಸೆಪಟ್ಟು ಕೊಟ್ಟಿದ್ದು, ಎಲ್ಲವನ್ನೂ.

ಮಾರಮ್ಮ ಒಲೆಯ ಉರಿ ತಗ್ಗಿಸಿದಳು. ಒಂದು ಲೋಟ ಟೀ ಬಗ್ಗಿಸಿ ಕನೀಜಳ ಮುಂದೆ ಕುಕ್ಕಿದಳು.

"ನಾನ್ ಆಕಿದ್ ಶಾಪ ಎಲ್ಲಾ ನಿಂಗೇ ಬಿತ್ತಲ್ಲವ್ವ. ಕುಡಿ. ನಾಳೀಕ್ ಬತ್ತೀಯಾ? ಇಂಗೇ ಅಲ್ಲೂ ಏಳು."

ಸಭೆಯಲ್ಲಿ ಮುಂದಿನ ಸಾಲುಗಳ ತುಂಬ ಸುತ್ತಲಿನ ಅಪಾರ್ಟ್‌ಮೆಂಟುಗಳ ಜನ. ಅಂಗಡಿ ಸಾಲಿನವರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಭವನದ ವೇದಿಕೆಯ ಮೇಲೆ ಪಾಲಿಕೆಯ ಅಧಿಕಾರಿ, ಪಕ್ಕದಲ್ಲಿ ವೇಣುಗೋಪಾಲ್. ಉತ್ತರ ನೋಟದ ಕ್ಯಾಮೆರಾ ಮೂಲೆಯಲ್ಲಿ. ವೇಣುಗೋಪಾಲ್ ಹೆಚ್ಚು ಮಾತಾಡಲಿಲ್ಲ. ನಾನು ಹೇಳುವುದಕ್ಕಿಂತ ಆ ತಾಯಿಯೇ ಹೇಳಲಿ ಎಂದು ರೆಕಾರ್ಡಿಂಗ್ ಹಾಕಿಸಿದರು. ಕನೀಜಳ ದನಿ ಭವನದ ತುಂಬ ತುಂಬಿಕೊಂಡಿತು. ಮುಗಿದಾಗ ಚಪ್ಪಾಳೆ. ಚಪ್ಪಾಳೆ ನಿಲ್ಲುವ ಮೊದಲೇ ಅವಳು ಮುಂದೆ ನಡೆದಿದ್ದಳು.

"ಆ ತಾಯಿ ನಾನೇ," ಎಂದಳು.

ಯಾರೋ ನಕ್ಕರು. ಮುಂದಿನ ಸಾಲಿನ ಒಬ್ಬ ಗಂಡಸು ಅವಳ ಕಡೆ ತಿರುಗಿ, ಸುಮ್ನೆ ಕೂತ್ಕೊಳ್ಳಮ್ಮ, ಆಯಮ್ಮನ ಕನ್ನಡ ಎಲ್ಲಿ, ನೀವೆಲ್ಲಿ ಎಂದ. ಬುರ್ಖಾ ನೋಡಿ ಅಂದದ್ದು ಅದು. ಕನೀಜ್ ಮುಸುಕು ಸರಿಸಿ, ನೆಟ್ಟಗೆ ನಿಂತು, ಮೈಕಿಲ್ಲದೆ, ಶಾಲೆಯ ಅಂಗಳದಲ್ಲಿ ವಾರ್ತೆ ಓದುತ್ತಿದ್ದಳಲ್ಲ, ಹಾಗೆ ಓದಿದಳು. ನಾನೊಬ್ಬ ತಾಯಿ ಎಂದಾಗ ನಗು ನಿಂತಿತು. ಭಯವಾಗುತ್ತದೆ ಎನ್ನುವಷ್ಟರಲ್ಲಿ ಫ್ಯಾನುಗಳ ಸದ್ದು ಕೇಳುತ್ತಿತ್ತು. ಕೊನೆಗೆ ಯಾರೂ ಕೇಳಿರದ ಆ ಮೂರು ಪದಗಳನ್ನು ಹೇಳಿದಳು. ನಮಗೆ ಬೆಳಕು ಬೇಕು.

ಮುಂದಿನ ಸಾಲಿನ ಒಬ್ಬ ವಯಸ್ಸಾದ ಹೆಂಗಸು, ಇದೇ ದನಿ ಕಣ್ರೀ ಎಂದಳು. ಅಧಿಕಾರಿ ತಲೆಯೆತ್ತಿದರು. ಕನೀಜ್ ತಾನು ಹೇಳಿದ್ದೇನು, ಅದರಲ್ಲಿ ಉಳಿದದ್ದೇನು, ತನ್ನ ಮಗಳನ್ನು ದಿನವೂ ಆ ಓಣಿಯಲ್ಲಿ ಕಾದು ಮನೆಗೆ ಮುಟ್ಟಿಸುತ್ತಿದ್ದವರು ಯಾರು ಎಂದು ಒಂದೊಂದಾಗಿ ಹೇಳಿದಳು. ಹಿಂದೆ ನಿಂತಿದ್ದವರಲ್ಲಿ ಜೀವ ಬಂದಂತಾಯಿತು. ಅವಳಿಗೂ ಒಂದು ಗಳಿಗೆ, ಗೆದ್ದೆ ಎನ್ನಿಸಿತು.

ವೇಣುಗೋಪಾಲ್ ಕೋಪ ಮಾಡಿಕೊಳ್ಳಲಿಲ್ಲ. ತಮ್ಮ ಮುಂದಿದ್ದ ನೀರಿನ ಬಾಟಲಿಯನ್ನು ಅವಳಿಗೆ ಕಳಿಸಿಕೊಟ್ಟರು.

"ದನಿ ಇವರದ್ದೇ. ನಾನು ಇಲ್ಲ ಅನ್ನಲ್ಲ," ಎಂದರು. "ಸಿನಿಮಾದಲ್ಲಿ ಹಾಡೋರು ಒಬ್ಬರು, ಅಳೋರು ಒಬ್ಬರು ಇರಲ್ವಾ, ಹಾಗೆ. ಆದ್ರೆ ಭಯ ಯಾರದ್ದು? ಅದು ನಿಮ್ದು. ಇಲ್ಲಿರೋ ತಾಯಂದಿರು ಹೇಳಿ, ಸಂಜೆ ಮೇಲೆ ನಿಮ್ಮ ಮಕ್ಕಳನ್ನ ಆ ರಸ್ತೆಗೆ ಕಳಿಸ್ತೀರಾ?"

ಒಂದು ಕೈ ಮೇಲೆದ್ದಿತು, ಇಲ್ಲ ಎಂದು. ಅದರ ಹಿಂದೆ ಇನ್ನೊಂದು, ಮತ್ತೊಂದು. ಇದೇ ದನಿ ಎಂದ ಆ ಹೆಂಗಸೂ ಸ್ವಲ್ಪ ತಡೆದು ಕೈ ಎತ್ತಿದಳು. ಕನೀಜ್ ಅವರ ಮುಖಗಳನ್ನು ನೋಡಿದಳು. ಯಾರೂ ನಾಟಕ ಆಡುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಭಯವಾಗಿತ್ತು. ಆ ಭಯವನ್ನು ಅವರೆದೆಗೆ ಹಾಕಿದವಳು ಎದುರಿಗೆ ನಿಂತು, ಅದು ನಿಜವಲ್ಲ ಎಂದು ಹೇಳಿದರೂ ಅದು ಈಗ ಹೊರಗೆ ಬರುವಂತಿರಲಿಲ್ಲ.

ಆ ಸಂಜೆ ಚಾನೆಲ್ಲಿನಲ್ಲಿ ಅವಳನ್ನು ತೋರಿಸಿದರು. ಮುಸುಕು ಸರಿಸಿದ ಮುಖ, ಆಡುತ್ತಿರುವ ತುಟಿ. ಊರಿಗೆಲ್ಲ ಅವಳ ಮುಖ ಕಂಡದ್ದು ಅದೇ ಮೊದಲು. ದನಿಯನ್ನು ಮಾತ್ರ ಪೂರ್ತಿ ಇಳಿಸಿಬಿಟ್ಟಿದ್ದರು. ಅದರ ಮೇಲೆ ಬೇರೊಬ್ಬ ಹುಡುಗಿಯ ದನಿ, ಸಭೆಯಲ್ಲಿ ಗದ್ದಲ ಎಬ್ಬಿಸಲು ಯತ್ನಿಸಿದ ಮಹಿಳೆ, ಇವರಿಗೆ ಹೇಳಿಕೊಟ್ಟವರು ಯಾರು ಎಂದು ಕೇಳುತ್ತಿತ್ತು. ಅಮ್ರೀನ್ ಟಿವಿ ಆರಿಸಲು ಎದ್ದಳು. ಬೇಡ, ಇರಲಿ ಎಂದಳು ಕನೀಜ್. ತನ್ನ ತುಟಿಗಳನ್ನು ನೋಡುತ್ತ, ಯಾವ ಕಡೆ ಯಾವ ಪದ ಹೇಳುತ್ತಿದ್ದೇನೆಂದು ಕೊನೆಯವರೆಗೂ ಗುರುತಿಸಿದಳು.

ತಗಡುಗಳನ್ನು ಕೀಳಲು ಹೆಚ್ಚು ದಿನ ಹಿಡಿಯಲಿಲ್ಲ. ಜೆಸಿಬಿ ಬಂದ ದಿನ ಅಂಗಡಿ ಸಾಲಿನವರ ಪರವಾಗಿ ಹೊರಗಿನವರು ಒಬ್ಬರೂ ನಿಲ್ಲಲಿಲ್ಲ. ನಿಂತು ನೋಡಿದವರು ಫೋನು ಹಿಡಿದಿದ್ದರು. ನೂರುಲ್ಲಾ ಹೊಲಿಗೆ ಯಂತ್ರವನ್ನು ಮನೆಯ ಮುಂದಿನ ಜಾಗಕ್ಕೆ ಸಾಗಿಸಿಕೊಂಡ. ಅಲ್ಲಿ ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ, ಹಾಗಾಗಿ ದಿಂಬು, ಹಾಸಿಗೆ ಎಂದು ಸಿಕ್ಕಿದ್ದನ್ನು ಹೊಲಿಯತೊಡಗಿದ. ಕನೀಜಳನ್ನು ಅವನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎಂದು ಅವಳು ಎಷ್ಟೋ ಸಲ ಅಂದುಕೊಂಡಳು. ಮಾರಮ್ಮ ತಳ್ಳುಗಾಡಿಯಲ್ಲಿ ಟೀ ಮಾರುತ್ತ ಗಂಗಾನಗರದ ಕಡೆ ಹೊರಟಳು. ನಿಂತರೆ ಅಲ್ಲಿಂದಲೂ ಏಳಿಸುತ್ತಿದ್ದರು.

ಆಮೇಲೆ ಒಂದು ಬೆಳಗ್ಗೆ ಮತ್ತೆ ಆಟೋ ಬಂತು. ಅದರೊಳಗೆ ಕನೀಜಳದೇ ದನಿ. "ಆತ್ಮೀಯ ನಾಗರಿಕರೇ, ತೋಪಿನ ರಸ್ತೆ ಕಾರ್ಯಕ್ರಮಕ್ಕೆ ಸಹಕರಿಸಿದ ತಮಗೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು." ಪೋಲಿಯೊ ಹನಿಯ ಕಾರ್ಯಕ್ರಮ ಮುಗಿದಾಗ ಓದಿದ್ದ ಧನ್ಯವಾದ ಅದು. ನೂರುಲ್ಲಾ ಎದ್ದು ಹೋಗಿ ಕಿಟಕಿ ಮುಚ್ಚಿದ. ಮುಚ್ಚಿದರೂ ಕೇಳುತ್ತಿತ್ತು.

ಕೊನೆಗೆ ದೀಪವೂ ಬಂತು. ಅಪಾರ್ಟ್‌ಮೆಂಟಿನ ಹಿಂದಿನ ಗೇಟು ತೋಪಿನ ರಸ್ತೆಗೇ ತೆರೆಯಿತು. ಎರಡೂ ಬದಿಗೆ ಎತ್ತರದ ಗೋಡೆ, ಗೋಡೆಯುದ್ದಕ್ಕೂ ಬಿಳಿ ಬೆಳಕಿನ ಕಂಬಗಳು. ಗೇಟಿನಲ್ಲಿ ಕಾರುಗಳು ಬರುತ್ತವೆ, ಹೋಗುತ್ತವೆ. ನಡೆಯುವವರು ಯಾರೂ ಇಲ್ಲ. ಹುಣಸೆ ಮರವನ್ನು ಉಳಿಸಿಕೊಂಡು ಅದರ ಬುಡಕ್ಕೆ ಕಲ್ಲುಕಟ್ಟೆ ಕಟ್ಟಿದ್ದಾರೆ, ಅದರ ಮೇಲೆ ಕೂರಬಾರದೆಂದು ಫಲಕ ಹಾಕಿದ್ದಾರೆ.

ಅಮ್ರೀನ್ ಈಗ ಓದು ಮುಗಿಸಿ ಕೆಲಸಕ್ಕೆ ಹೋಗುತ್ತಾಳೆ. ದೀಪ ಬಂದ ಮೊದಲ ವಾರ ಒಂದು ಸಂಜೆ ಬಸ್ಸಿಳಿದು ಮನೆಗೆ ಫೋನ್ ಮಾಡಿದಳು. ಮೊದಲೆಲ್ಲ ಹಾಗೆ ಮಾಡಿದವಳಲ್ಲ.

"ಅಮ್ಮಿ, ಮನೆ ಮುಟ್ಟೋತನಕ ಮಾತಾಡ್ತಾ ಇರು," ಎಂದಳು. "ಇಲ್ಲಿ ಯಾರೂ ಇಲ್ಲ."

ಸಭೆಯ ದಿನದಿಂದ ಕನೀಜ್ ಮನೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟೇ ಮಾತಾಡುತ್ತಿದ್ದಳು. ಫೋನಿನಲ್ಲಿ ಮಗಳ ಚಪ್ಪಲಿಯ ಸದ್ದು ಗೋಡೆಗೆ ಬಡಿದು ಎರಡಾಗಿ ಕೇಳುತ್ತಿತ್ತು. ಒಂದು ಕಾಲಕ್ಕೆ ಆ ಓಣಿಯಲ್ಲಿ ವೆಲ್ಡಿಂಗಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ, ಅಮ್ರೀನಳನ್ನು ಕಂಡರೆ ಮಾರಮ್ಮ, ಬಂದ್ಯೇನವ್ವ ಎಂದು ಕೂಗದೆ ಬಿಡುತ್ತಿರಲಿಲ್ಲ.

"ಇಲ್ಲೇ ಇದ್ದೀನಿ," ಎಂದಳು ಕನೀಜ್. "ಈಗ ಎಲ್ಲಿ ಬಂದೆ?"

"ಅಬ್ಬಾನ ಅಂಗಡಿ ಹತ್ರ."

ಹೊರಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ನೂರುಲ್ಲಾ ಚಪ್ಪಲಿ ಮೆಟ್ಟಿಕೊಂಡು ತೋಪಿನ ರಸ್ತೆಯ ಕಡೆಗೆ ಬಿರಬಿರನೆ ನಡೆದ. ಕನೀಜ್ ಫೋನನ್ನು ಕಿವಿಗೆ ಒತ್ತಿ ಹಿಡಿದು ಮಾತಾಡುತ್ತಲೇ ಇದ್ದಳು. ಸಾರಿಗೆ ಏನು ಹಾಕಿದ್ದೇನೆ, ನೀರು ಎಷ್ಟು ಹೊತ್ತಿಗೆ ಬಂತು, ಬಾಯಿಗೆ ಬಂದದ್ದೆಲ್ಲ. ಅಂದು ಗಿರಣಿಯ ಮೇಲಿನ ಕೋಣೆಯಲ್ಲಿ ಅವಳು ಮನಸಾರೆ ಓದಿದ ಮಾತಿನಲ್ಲಿದ್ದುದು ಕತ್ತಲೆಯ ಅಂಜಿಕೆ ಮಾತ್ರ. ಆ ಕತ್ತಲೆಯಲ್ಲೂ ಮಗಳಿಗೆ ಜನರಿದ್ದರು. ಈಗ, ಅಷ್ಟೊಂದು ಬೆಳಕಿನಲ್ಲಿ, ಆಟೋದ ಆ ತಾಯಿಗೆ ಆಗಿದ್ದ ಭಯವೇ ಅವಳಿಗೂ ಆಗುತ್ತಿತ್ತು. ಮಗಳಿಗೆ ಅದು ತಿಳಿಯಬಾರದೆಂದು ಅವಳು ದನಿಯನ್ನು ಸಮವಾಗಿ ಇಟ್ಟುಕೊಂಡಳು. ಅದು ಅವಳಿಗೆ ಚೆನ್ನಾಗಿ ಬರುತ್ತಿತ್ತು.